ಕಷ್ಟಕಾಲದಲ್ಲಿ ಕ್ರೈಸ್ತ ವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಯ ಹಿರಿಯನಾಗಿ ನಾನು ಹಲವು ವರ್ಷಗಳಿಂದ ಆಸ್ಪತ್ರೆಯ ವಾರ್ಡುಗಳಿಗೂ ಸಾವಾದ ಮನೆಗಳಿಗೂ ಹೋಗಿ ಬರುತ್ತಿದ್ದೇನೆ. ಅಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಆದರೂ ಕೇಳುವವರ ಪಾಲಿಗೆ ಪ್ರತಿಯೊಂದೂ ಆ ಹೊತ್ತಿನಲ್ಲೇ ಹುಟ್ಟಿದ ಪ್ರಶ್ನೆ. ಅವಸರದಲ್ಲಿ ಉತ್ತರಿಸಿದರೆ ನೋವು ಹೆಚ್ಚುತ್ತದೆ. ಅಂಥವುಗಳಲ್ಲಿ ಕೆಲವನ್ನು ಇಲ್ಲಿ ನಿಧಾನವಾಗಿ ಉತ್ತರಿಸಲು ಪ್ರಯತ್ನಿಸಿದ್ದೇನೆ.

ಕಷ್ಟದಲ್ಲಿ ಅತ್ತರೆ, ದೇವರನ್ನು ಪ್ರಶ್ನಿಸಿದರೆ ನನ್ನ ವಿಶ್ವಾಸ ದುರ್ಬಲವೆಂದು ಅರ್ಥವೇ?

ಅಲ್ಲ. ಸತ್ಯವೇದವನ್ನು ತೆರೆದು ನೋಡಿದರೆ ಈ ಅಂಜಿಕೆಗೆ ಆಧಾರವೇ ಸಿಗುವುದಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಪ್ರಲಾಪಗಳೇ ಆಗಿವೆ. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿಯೇ ಭಕ್ತನು "ಇನ್ನೆಷ್ಟರವರೆಗೆ" ಎಂದು ನಾಲ್ಕು ಸಲ ಕೇಳುತ್ತಾನೆ. ಪ್ರಲಾಪದ ಕೀರ್ತನೆಗಳಲ್ಲಿ ಬಹುಪಾಲು ಕೊನೆಯಲ್ಲಿ ಸ್ತೋತ್ರದ ಕಡೆಗೆ ತಿರುಗುತ್ತವೆ. 88ನೆಯದು ಹಾಗೆ ತಿರುಗುವುದಿಲ್ಲ, ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ದೇವಾಲಯದ ಆರಾಧನೆಗಾಗಿ ಹಾಡುಗಳನ್ನು ಒಟ್ಟುಗೂಡಿಸಿದವರು ಅದನ್ನು ಕೈಬಿಡಲಿಲ್ಲ, ಕೊನೆಗೆ ಸಮಾಧಾನದ ಒಂದು ಸಾಲನ್ನು ಸೇರಿಸಲೂ ಇಲ್ಲ. ಇದು ನನಗೆ ಯಾವಾಗಲೂ ಬಹಳ ದೊಡ್ಡ ಸಾಂತ್ವನವಾಗಿ ಕಂಡಿದೆ.

ಲಾಜರನನ್ನು ಎಬ್ಬಿಸಲೆಂದೇ ಹೊರಟು ಬಂದ ಯೇಸು ಆತನ ಸಮಾಧಿಯ ಬಳಿ ಕಣ್ಣೀರು ಬಿಟ್ಟನು. ಶಿಲುಬೆಯ ಮೇಲೆ ಆತನ ಬಾಯಿಂದ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು, ದೇವರು ತನ್ನನ್ನು ಯಾಕೆ ಕೈಬಿಟ್ಟನೆಂಬ ಪ್ರಶ್ನೆ. ಆ ಪ್ರಶ್ನೆಯನ್ನೂ ಆತನು "ನನ್ನ ದೇವರೇ" ಎಂದು ಕರೆದೇ ಕೇಳಿದನೆಂಬುದನ್ನು ಗಮನಿಸಬೇಕು. ಮುನಿಸಿಕೊಂಡ ಮಗು ಅಮ್ಮನ ಸೆರಗನ್ನು ಹಿಡಿದುಕೊಂಡೇ ಅಳುತ್ತದೆ. ವಿಶ್ವಾಸವೆಂದರೆ ಕಲ್ಲಿನಂಥ ಮನಸ್ಸು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನನ್ನ ತಿಳಿವಳಿಕೆಯ ಮಟ್ಟಿಗೆ ಅದು ದೇವರೊಂದಿಗೆ ಮಾತು ಬಿಡದಿರುವುದು.

ಈ ಕಷ್ಟ ನನ್ನ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೇ?

ನಾವು ಮಾಡಿದ ತಪ್ಪಿನ ಫಲವನ್ನು ನಾವೇ ಉಣ್ಣುವ ಸಂದರ್ಭಗಳಿವೆ ಎಂಬುದು ನಿಜ. ಕುಡಿತದಿಂದ ಯಕೃತ್ತು ಕೆಟ್ಟವನು ಅದರ ಕಾರಣವನ್ನು ಆಕಾಶದಲ್ಲಿ ಹುಡುಕಬೇಕಾಗಿಲ್ಲ. ಆದರೆ ಬಂದ ಪ್ರತಿ ರೋಗವನ್ನೂ ಪ್ರತಿ ಸಾವನ್ನೂ ಹಿಂದಿನ ಪಾಪಕ್ಕೆ ಲೆಕ್ಕ ಹಾಕುವುದನ್ನು ಯೇಸು ಸ್ಪಷ್ಟವಾಗಿ ತಿರಸ್ಕರಿಸಿದನು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದು ಉತ್ತರಿಸಿದನು. ಸಿಲೊವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಾಗಿರಲಿಲ್ಲವೆಂದೂ ಆತನೇ ಹೇಳಿದನು.

ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನನ್ನು ನೋಡಲು ಬಂದ ಗೆಳೆಯರ ವಿಷಯವನ್ನು ಇಲ್ಲಿ ನೆನೆಯಬೇಕು. ಎಲೀಫಜ, ಬಿಲ್ದದ, ಚೋಫರರು ಬಂದವರೇ ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಮೂವರೂ ಸೇರಿ, ನೀನು ಏನೋ ಪಾಪ ಮಾಡಿರಲೇಬೇಕು ಎಂದು ವಾದಿಸಿದರು. ಕೊನೆಗೆ ದೇವರ ಸಿಟ್ಟು ತಿರುಗಿದ್ದು ದೇವರೊಡನೆ ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ. ಹಣೆಬರಹ, ಕರ್ಮಫಲ ಎಂಬ ಮಾತುಗಳು ನಮ್ಮ ಸುತ್ತಲಿನ ಗಾಳಿಯಲ್ಲಿಯೇ ಇರುವುದರಿಂದ ಅವು ಸಭೆಯೊಳಗೂ ನುಸುಳುತ್ತವೆ. ಮಗುವನ್ನು ಕಳೆದುಕೊಂಡ ತಾಯಿಯ ಎದುರಿಗೆ ಅಂಥ ಮಾತನ್ನು ಆಡುವುದು ಕ್ರೂರವೆಂದೇ ನಾನು ಹೇಳುತ್ತೇನೆ.

ಪ್ರಾರ್ಥನೆ ಮಾಡಲು ಆಗುತ್ತಲೇ ಇಲ್ಲ. ಏನು ಮಾಡಲಿ?

ಈ ಪ್ರಶ್ನೆಗೆ ನನ್ನ ಅನುಭವದಿಂದಲೇ ಉತ್ತರಿಸುತ್ತೇನೆ. ನನ್ನ ತಂದೆ ತೀವ್ರ ನಿಗಾ ಘಟಕದಲ್ಲಿದ್ದ ಹನ್ನೊಂದು ದಿನಗಳ ಕಾಲ ನನ್ನ ಬಾಯಿಂದ ಒಂದು ಪ್ರಾರ್ಥನೆಯೂ ಹೊರಡಲಿಲ್ಲ. ಕಾರಿಡಾರಿನ ಸ್ಟೀಲ್ ಕುರ್ಚಿಯಲ್ಲಿ ಕುಳಿತು, ಬಾಗಿಲು ತೆರೆದಾಗಲೆಲ್ಲ ತಲೆಯೆತ್ತಿ ನೋಡುವುದಷ್ಟೇ ನನ್ನಿಂದ ಆಗುತ್ತಿತ್ತು. ನಮ್ಮ ಸಭೆಯ ವಯಸ್ಸಾದ ತಾಯಿಯೊಬ್ಬರು ದಿನವೂ ಸಂಜೆ ಬಸ್ಸು ಹಿಡಿದು ಬರುತ್ತಿದ್ದರು. ಅವರ ಬಟ್ಟೆಯ ಚೀಲದಲ್ಲಿ ಗಂಜಿಯ ಡಬ್ಬಿ, ಒಂದು ಪುಟ್ಟ ಭರಣಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ, ಬೆನ್ನಿಗೆ ಟೇಪು ಅಂಟಿಸಿದ ಹಳೆಯ ಸತ್ಯವೇದ ಇರುತ್ತಿದ್ದವು. "ನೀನು ಉಣ್ಣಪ್ಪಾ, ಪ್ರಾರ್ಥನೆ ನಾನು ಮಾಡ್ತೀನಿ" ಎಂದು ಹೇಳಿ, ನಾನು ಉಣ್ಣುವಷ್ಟು ಹೊತ್ತು 121ನೆಯ ಕೀರ್ತನೆಯನ್ನು ಮೆಲುದನಿಯಲ್ಲಿ ಓದುತ್ತಿದ್ದರು. ಆಮೇಲೆ ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದುಕೊಂಡು ಹೊರಡುತ್ತಿದ್ದರು. ತಂದೆ ಹೇಗಿದ್ದಾರೆಂದು ಒಂದು ದಿನವೂ ಕೆದಕಿ ಕೇಳಲಿಲ್ಲ.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯುವಿನ ರೋಗಿಯನ್ನು ನಾಲ್ವರು ಹೊತ್ತು ತಂದು, ಮನೆಯ ಮಾಳಿಗೆಯನ್ನು ಕಿತ್ತು, ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದನೆಂದು ಅಲ್ಲಿ ಬರೆದಿದೆ. ಮಲಗಿದವನು ಆ ಹೊತ್ತಿನಲ್ಲಿ ಏನನ್ನು ನಂಬಿದ್ದನೋ ನಮಗೆ ಹೇಳಿಲ್ಲ. ನಿಮ್ಮಿಂದ ಪ್ರಾರ್ಥಿಸಲಾಗದಿದ್ದರೆ, ನಂಬಿಗಸ್ತರಾದ ಒಬ್ಬಿಬ್ಬರಿಗೆ ಆ ಮಾತನ್ನು ಇದ್ದಂತೆಯೇ ಹೇಳಿರಿ. ಅವರು ಹೊರಲಿ.

ಉಳಿದಂತೆ, ಹೊಸ ಮಾತುಗಳನ್ನು ಹುಡುಕುವ ಶ್ರಮ ಬೇಡ. ಕರ್ತನ ಪ್ರಾರ್ಥನೆಯನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹೇಳಿದರೂ ಸಾಕು. ಅದೂ ಆಗದ ದಿನ ಸುಮ್ಮನೆ ಕುಳಿತುಕೊಳ್ಳಿರಿ. ನಾವು ಏನನ್ನು ಬೇಡಬೇಕೆಂದು ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಗೆ ಮೀರಿದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದದ್ದು ಇಂಥವರಿಗಾಗಿಯೇ.

ಖಿನ್ನತೆಗೆ ಔಷಧಿ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲವೇ?

ಖಂಡಿತ ಅಲ್ಲ. ಒಂದನೆಯ ಅರಸುಗಳ ಪುಸ್ತಕದ 19ನೆಯ ಅಧ್ಯಾಯವನ್ನು ಓದಿರಿ. ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಜಯವನ್ನು ಕಂಡ ಎಲೀಯನು, ಸ್ವಲ್ಪ ದಿನಗಳಲ್ಲೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಂಡನು. ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತನೊಬ್ಬನು ಬಂದು ಮುಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಇದ್ದವು. ಅವನು ತಿಂದು, ಕುಡಿದು, ಮತ್ತೆ ಮಲಗಿದನು. ದೂತನು ಎರಡನೆಯ ಸಲ ಬಂದು, ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದಾಗಿದೆ ಎಂದು ಹೇಳಿ ಮತ್ತೆ ಉಣ್ಣಿಸಿದನು. ದೇವರ ಸ್ವರ ಕೇಳಿಸಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಹೋರೇಬಿನಲ್ಲಿ. ಮೊದಲು ನಿದ್ದೆ, ಊಟ, ನೀರು, ಮಾತು ಆಮೇಲೆ. ಈ ಕ್ರಮವನ್ನು ನಾವು ಮರೆಯಬಾರದು.

ಪೌಲನ ಸಂಗಡಿಗನಾದ ಲೂಕನು ವೈದ್ಯನಾಗಿದ್ದನು. ಮಧುಮೇಹಕ್ಕೆ ಮಾತ್ರೆ ನುಂಗುವಾಗ ಬಾರದ ಸಂಕೋಚ ಮನಸ್ಸಿನ ಕಾಯಿಲೆಗೆ ಮಾತ್ರ ಯಾಕೆ ಬರಬೇಕು? ಪ್ರಾರ್ಥನೆಯಿಂದ ಗುಣವಾಗಿದ್ದೀರಿ, ಮಾತ್ರೆ ನಿಲ್ಲಿಸಿರಿ ಎಂದು ಯಾರೇ ಹೇಳಲಿ, ಎಷ್ಟೇ ಹೆಸರಾಂತ ಬೋಧಕರಾಗಿರಲಿ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ. ಬದುಕೇ ಬೇಡವೆನಿಸುವ ಯೋಚನೆ ಬರುತ್ತಿದ್ದರೆ ಆ ರಾತ್ರಿ ಒಬ್ಬರೇ ಇರಬೇಡಿರಿ. ಮನೆಯವರನ್ನು ಎಬ್ಬಿಸಿರಿ, ಇಲ್ಲವೇ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಾದ 14416ಕ್ಕೆ ಕರೆ ಮಾಡಿರಿ. ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು.

ಉಪವಾಸವಿದ್ದು ಪ್ರಾರ್ಥಿಸಿದರೂ ನಾವು ಕೇಳಿದ್ದು ಸಿಗಲಿಲ್ಲ. ದೇವರು ಕೇಳಿಸಿಕೊಂಡನೇ?

ನನ್ನ ತಂದೆಯೂ ಮನೆಗೆ ಮರಳಲಿಲ್ಲ. ಆದುದರಿಂದ ಈ ಪ್ರಶ್ನೆಗೆ ಸುಲಭದ ಉತ್ತರ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ತೊಲಗಲೆಂದು ಮೂರು ಸಲ ಬೇಡಿಕೊಂಡನು. ಅದು ತೊಲಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಗೆತ್ಸೇಮನೆಯ ತೋಟದಲ್ಲಿ ತನ್ನಿಂದ ತೊಲಗಲೆಂದು ಯೇಸು ಬೇಡಿದ ಸಂಕಟದ ಪಾತ್ರೆಯೂ ತೊಲಗಲಿಲ್ಲ. ಕೇಳಿದ್ದು ಸಿಗದಿರುವುದೇ ಅವಿಶ್ವಾಸದ ಗುರುತಾಗಿದ್ದರೆ ಇವರಿಬ್ಬರ ವಿಷಯದಲ್ಲಿ ನಾವು ಏನು ಹೇಳಬೇಕಾಗುತ್ತಿತ್ತು? ಬಾಬೆಲಿನ ಬೆಂಕಿಯ ಆವಿಗೆಯ ಎದುರು ನಿಂತ ಮೂವರು ಯೆಹೂದ್ಯರು ಅರಸನಿಗೆ ಹೇಳಿದ್ದು, ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಎಂದು. ಆ "ಬಿಡಿಸದಿದ್ದರೂ" ಎಂಬ ಮಾತಿಗೆ ನಮ್ಮ ಸಾಕ್ಷಿ ಕೂಟಗಳಲ್ಲಿ ಜಾಗ ಬಹಳ ಕಡಿಮೆಯಾಗಿದೆ. ಗುಣವಾದವರಷ್ಟೇ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ಗುಣವಾಗದೆಯೂ ಬಿಡದೆ ಹಿಡಿದುಕೊಂಡವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ.

ಪಂಡಿತಾ ರಮಾಬಾಯಿಯವರ ಬದುಕು ಈ ಸಂದರ್ಭದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅವರು 1858ರಲ್ಲಿ ಹುಟ್ಟಿದ್ದು ಇಂದಿನ ಕರ್ನಾಟಕಕ್ಕೆ ಸೇರಿದ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡು, ಅಣ್ಣನೊಡನೆ ಊರೂರು ನಡೆದರು. ಕೆಲವು ವರ್ಷಗಳಲ್ಲಿ ಅಣ್ಣನೂ ಹೋದನು. ಮದುವೆಯಾಗಿ ಎರಡು ವರ್ಷವೂ ತುಂಬುವ ಮೊದಲೇ, 1882ರಲ್ಲಿ, ಎಳೆಗೂಸನ್ನು ಬಿಟ್ಟು ಪತಿ ತೀರಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಆಮೇಲೂ ಹಲವು ವರ್ಷ ತಮಗೆ ಮನಶ್ಶಾಂತಿ ಸಿಕ್ಕಿರಲಿಲ್ಲವೆಂದು ಅವರೇ ಬರೆದಿಟ್ಟಿದ್ದಾರೆ. ಬರದಲ್ಲಿ ಹಸಿವೆಯೆಂದರೆ ಏನೆಂದು ಸ್ವಂತ ಹೊಟ್ಟೆಯಿಂದ ಅರಿತಿದ್ದ ಅವರು, 1896ರ ಬರ ಬಂದಾಗ ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ನೂರಾರು ಹೆಣ್ಣುಮಕ್ಕಳಿಗೆ ಆಸರೆ ಕೊಟ್ಟರು. ಒಬ್ಬಳೇ ಮಗಳಾದ ಮನೋರಮಾ, ಕಲಬುರಗಿಯಲ್ಲಿ ಶಾಲೆ ತೆರೆಯುವುದರಲ್ಲಿ ತಾಯಿಗೆ ಹೆಗಲು ಕೊಟ್ಟವಳು, 1921ರ ಜುಲೈನಲ್ಲಿ ತೀರಿಕೊಂಡಳು. ಆಗ ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸತ್ಯವೇದವನ್ನು ಮರಾಠಿಗೆ ತರುವ ಕೆಲಸದ ಕೊನೆಯ ಘಟ್ಟದಲ್ಲಿದ್ದರು. ಒಂದು ವರ್ಷ ತುಂಬುವುದರೊಳಗೆ, 1922ರ ಏಪ್ರಿಲಿನಲ್ಲಿ, ಅವರೂ ಹೊರಟುಹೋದರು. ಈ ಬದುಕಿನಲ್ಲಿ ಕೇಳಿದ್ದೆಲ್ಲ ಸಿಕ್ಕಿತೆಂದು ಯಾರೂ ಹೇಳಲಾರರು. ಆಕೆಯ ವಿಶ್ವಾಸ ಪೊಳ್ಳಾಗಿತ್ತೆಂದೂ ಯಾರೂ ಹೇಳಲಾರರು.

ಆರಾಧನೆಗೆ ಹೋಗಲು ಮನಸ್ಸಾಗುತ್ತಿಲ್ಲ. ಮನೆಯಲ್ಲೇ ಇದ್ದು ನಂಬಿಕೊಂಡಿದ್ದರೆ ಸಾಲದೇ?

ಕೆಲವು ವಾರ ಸಾಕಾಗಬಹುದು, ಬಹುಕಾಲಕ್ಕೆ ಸಾಲದು. ಜನರ ಪ್ರಶ್ನೆಗಳನ್ನು ಎದುರಿಸುವುದು ಕಷ್ಟವಾದರೆ ಆರಾಧನೆ ಶುರುವಾದ ಮೇಲೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತು, ಆಶೀರ್ವಚನ ಮುಗಿದ ಕೂಡಲೇ ಎದ್ದು ಬನ್ನಿರಿ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಬಹುಕಾಲ ಹಿಡಿದುಕೊಂಡಿರಲು ಜೊತೆಗಾರರು ಬೇಕೆಂಬುದಕ್ಕೆ ಮಂಗಳೂರಿನ ಕಥೋಲಿಕರ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನವಿದೆ. 1784ರ ತಪಸ್ಸಿನ ಕಾಲದ ಆರಂಭದಲ್ಲಿ ಕರಾವಳಿಯ ಸಾವಿರಾರು ಕುಟುಂಬಗಳು ಟಿಪ್ಪು ಸುಲ್ತಾನನ ಸೆರೆಯಾಳುಗಳಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಗುರುಗಳನ್ನು ಗಡಿಪಾರು ಮಾಡಲಾಗಿತ್ತು, ಊರಿನ ಚರ್ಚುಗಳು ನೆಲಸಮವಾಗಿದ್ದವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಒತ್ತಾಯಕ್ಕೆ ಮಣಿದವರೂ ಇದ್ದರು. 1799ರಲ್ಲಿ ಯುದ್ಧ ಮುಗಿದಾಗ ಉಳಿದವರು ಹದಿನೈದು ವರ್ಷಗಳ ಮೇಲೆ ಊರಿಗೆ ಮರಳಿ, ಬಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಈ ಚರಿತ್ರೆಯನ್ನು ಇಂದಿನ ಯಾವ ಸಮುದಾಯದ ಮೇಲೂ ಹಗೆಗಾಗಿ ಬಳಸಬಾರದೆಂದು ಕೇಳಿಕೊಳ್ಳುತ್ತೇನೆ. ನಾನು ಹೇಳಬಯಸುವುದು ಇಷ್ಟು: ಅಷ್ಟು ದೀರ್ಘಕಾಲ ಒಬ್ಬೊಬ್ಬರೇ ಹಿಡಿದುಕೊಂಡಿರಲು ಸಾಧ್ಯವಿರಲಿಲ್ಲ. ಅವರು ಊರಿಗೆ ಮರಳಿದ್ದು ಒಂದು ಜನವಾಗಿ, ಕುಸಿದವರನ್ನೂ ಜೊತೆಗೆ ಸೇರಿಸಿಕೊಂಡು.

ಕ್ರಿಸ್ತನನ್ನು ನಂಬಿದ ಕಾರಣಕ್ಕೇ ಮನೆಯವರು ದೂರವಿಟ್ಟಿದ್ದಾರೆ. ಹೇಗೆ ನಡೆದುಕೊಳ್ಳಲಿ?

ಪೇತ್ರನ ಮೊದಲನೆಯ ಪತ್ರವನ್ನು ಇಡಿಯಾಗಿ ಓದಿರಿ. ನಿಮ್ಮಂಥವರಿಗೇ ಬರೆದ ಪತ್ರ ಅದು. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಿರಿ, ಆದರೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಿರಿ ಎಂಬುದು ಆತನ ಸಲಹೆ. ತಂದೆತಾಯಿಗಳ ಔಷಧಿ, ಆಸ್ಪತ್ರೆ, ತಂಗಿಯ ಮದುವೆಯ ಓಡಾಟ ಇವುಗಳಲ್ಲಿ ಮಗನಾಗಿ, ಮಗಳಾಗಿ ಮೊದಲಿಗಿಂತ ಹೆಚ್ಚು ಮಾಡಿರಿ. ವಾದದಲ್ಲಿ ಗೆಲ್ಲಲು ಹೋಗಬೇಡಿರಿ, ಅವರು ಪೂಜಿಸುವುದನ್ನು ಹೀಯಾಳಿಸಬೇಡಿರಿ.

ಸಭೆಗೂ ಇಲ್ಲಿ ಹೊಣೆಯಿದೆ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ, ಕ್ರೈಸ್ತರಾದವರು ಅನೇಕ ವೇಳೆ ಮನೆ, ಕುಲಕಸುಬು, ಗೇಣಿ ಭೂಮಿ ಎಲ್ಲವನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗೆಂದು ನೇಯ್ಗೆಯ ಕಾರ್ಖಾನೆಗಳು ಹುಟ್ಟಿದವು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನಾಡಿನ ಎಷ್ಟೋ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಕಥೆ ಶುರುವಾದದ್ದು ಹೀಗೆ. ಅಂದಿನವರಿಗೆ ದೇವರು ನಿಮ್ಮೊಂದಿಗಿದ್ದಾನೆ ಎಂದು ಹೇಳಿ ಕಳಿಸಲಿಲ್ಲ, ಕೈಗೆ ಕೆಲಸ ಕೊಟ್ಟರು. ಇಂದು ಮನೆಯಿಂದ ಹೊರಬಿದ್ದ ಯುವಕನಿಗೋ ಯುವತಿಗೋ ನಮ್ಮ ಸಭೆಗಳು ಒಂದು ಕೋಣೆ, ಒಂದು ನೌಕರಿ, ಭಾನುವಾರದ ಒಂದು ಊಟವನ್ನಾದರೂ ಒದಗಿಸದಿದ್ದರೆ ನಮ್ಮ ಉಪದೇಶಕ್ಕೆ ತೂಕವಿರುವುದಿಲ್ಲ.

ಕಾಣಿಕೆ ಕೊಟ್ಟರೆ ಕಷ್ಟ ಪರಿಹಾರವಾಗುತ್ತದೆಂದು ಒಬ್ಬ ಬೋಧಕರು ಹೇಳಿದ್ದಾರೆ. ಕೊಡಬೇಕೇ?

ಕೊಡಬೇಡಿರಿ. ದೇವರ ಕೃಪೆಗೆ ಬೆಲೆ ಕಟ್ಟಿದ ಮಾಂತ್ರಿಕನಾದ ಸೀಮೋನನನ್ನು ಪೇತ್ರನು ಎಷ್ಟು ಕಟುವಾಗಿ ಗದರಿಸಿದನೆಂದು ಅಪೊಸ್ತಲರ ಕೃತ್ಯಗಳ ಎಂಟನೆಯ ಅಧ್ಯಾಯದಲ್ಲಿದೆ. ಸಾಲದಲ್ಲಿರುವವರು ಮೊದಲು ಸಾಲವನ್ನು ತೀರಿಸಿಕೊಳ್ಳಲಿ, ಮಕ್ಕಳ ಶುಲ್ಕವನ್ನು ಕಟ್ಟಲಿ. ಕೃತಜ್ಞತೆಯಿಂದ ಕೊಡುವ ಕಾಲ ಆಮೇಲೆ ಬರುತ್ತದೆ.

ದುಃಖದಲ್ಲಿರುವವರ ಮನೆಗೆ ಹೋದಾಗ ಏನು ಹೇಳಬೇಕು?

ಆದಷ್ಟು ಕಡಿಮೆ ಹೇಳಬೇಕು. "ಎಲ್ಲಾ ದೇವರ ಚಿತ್ತ", "ದೇವರಿಗೆ ಬೇಕಾದವರನ್ನು ಬೇಗ ಕರೆದುಕೊಳ್ಳುತ್ತಾನೆ", "ನೀವೇ ಹೀಗೆ ಅತ್ತರೆ ಹೇಗೆ" ಎಂಬ ಮಾತುಗಳನ್ನು ಹೊಸಿಲ ಹೊರಗೇ ಬಿಟ್ಟು ಹೋಗಿರಿ. ಅವುಗಳಲ್ಲಿ ಸತ್ಯದ ಅಂಶವಿದ್ದರೂ ಅದನ್ನು ಹೇಳಬೇಕಾದವರು ನೊಂದವರೇ, ನೋಡಲು ಹೋದವರಲ್ಲ. ಸತ್ತವರ ಹೆಸರನ್ನು ಹೇಳಿ, ಅವರ ಬಗ್ಗೆ ನಿಮಗಿರುವ ಒಂದು ಒಳ್ಳೆಯ ನೆನಪನ್ನು ಹಂಚಿಕೊಳ್ಳಿರಿ. ಒಂದು ಕೀರ್ತನೆ ಓದಿ ಚಿಕ್ಕದಾಗಿ ಪ್ರಾರ್ಥಿಸಿರಿ. ಬ್ಯಾಂಕಿನ ಕಾಗದ, ಮರಣ ಪ್ರಮಾಣಪತ್ರ, ಪಿಂಚಣಿಯ ಅರ್ಜಿ ಇವುಗಳಿಗೆ ಓಡಾಡುವವರು ಬೇಕಾಗುತ್ತಾರೆ, ಅದನ್ನು ವಹಿಸಿಕೊಳ್ಳಿರಿ. ಎಲ್ಲಕ್ಕಿಂತ ಮುಖ್ಯವಾಗಿ ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಹೋಗಿರಿ. ಅಷ್ಟರಲ್ಲಿ ನೆಂಟರೆಲ್ಲ ತಿರುಗಿ ಹೋಗಿರುತ್ತಾರೆ.

ಮಕ್ಕಳಿಗೆ ಹೇಗೆ ತಿಳಿಸಬೇಕು?

ಸತ್ಯವನ್ನು ಚಿಕ್ಕ ಮಾತುಗಳಲ್ಲಿ ಹೇಳಬೇಕು. ಅಜ್ಜ ನಿದ್ದೆ ಮಾಡುತ್ತಿದ್ದಾರೆಂದು ಹೇಳಿದರೆ ಮಗುವಿಗೆ ಮಲಗುವುದೇ ಭಯವಾಗುತ್ತದೆ. ದೇವರು ಅಪ್ಪನನ್ನು ಕರೆದುಕೊಂಡನೆಂದು ಹೇಳಿದರೆ ದೇವರ ಮೇಲೆಯೇ ಸಿಟ್ಟು ಬರುತ್ತದೆ. ಅಪ್ಪನ ಕಾಯಿಲೆ ಬಹಳ ದೊಡ್ಡದಾಗಿತ್ತು, ಡಾಕ್ಟರಿಂದ ಗುಣಪಡಿಸಲು ಆಗಲಿಲ್ಲ, ಅಪ್ಪ ಈಗ ಯೇಸುವಿನ ಹತ್ತಿರ ಇದ್ದಾರೆ, ನನಗೂ ತುಂಬಾ ದುಃಖವಾಗಿದೆ ಎಂದು ಹೇಳಿರಿ.

ಸತ್ಯವೇದದ ಯಾವ ಭಾಗದಿಂದ ಓದಲು ಆರಂಭಿಸಲಿ?

ಕಡಿಮೆ ಓದಿರಿ, ಗಟ್ಟಿಯಾಗಿ ಓದಿರಿ. ಕೀರ್ತನೆಗಳಲ್ಲಿ 13, 42, 46, 121, 130 ಇವು ಚಿಕ್ಕವು. ಒಂದನ್ನೇ ಒಂದು ವಾರ ಓದಿದರೂ ಆದೀತು. 23ನೆಯದು ನಮಗೆ ಬಾಯಿಪಾಠವಾಗಿರುವುದರಿಂದ ಅದರಲ್ಲಿ ನಡೆಯುವ ಒಂದು ಬದಲಾವಣೆ ಕಿವಿಗೆ ಬೀಳುವುದಿಲ್ಲ: ಹಸುರುಗಾವಲಿನಲ್ಲಿ ಭಕ್ತನು ದೇವರ ಬಗ್ಗೆ "ಆತನು" ಎಂದು ಹೇಳುತ್ತಾನೆ, ಕಾರ್ಗತ್ತಲಿನ ಕಣಿವೆಗೆ ಇಳಿದ ಕೂಡಲೇ "ನೀನು" ಎಂದು ಕರೆಯಲು ತೊಡಗುತ್ತಾನೆ. ಪ್ರಲಾಪಗಳ ಮೂರನೆಯ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ, ಪೌಲನು ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರ ಇವು ಆಮೇಲೆ. ಸಂತೋಷಿಸಿರಿ ಎಂದು ಫಿಲಿಪ್ಪಿಯವರಿಗೆ ಬರೆದ ಅದೇ ಪೌಲನು, ಏಷ್ಯಾ ಸೀಮೆಯಲ್ಲಿ ತಾನು ಬದುಕುವ ಆಸೆಯನ್ನೇ ಬಿಟ್ಟಿದ್ದೆನೆಂದು ಕೊರಿಂಥದವರಿಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಎರಡನ್ನೂ ಒಟ್ಟಿಗೆ ಓದಬೇಕು.

ಈ ಕಷ್ಟ ಕಳೆದ ಮೇಲೆ ನನ್ನ ವಿಶ್ವಾಸ ಮೊದಲಿನಂತಾಗುತ್ತದೆಯೇ?

ಮೊದಲಿನಂತೆ ಆಗಲಿಕ್ಕಿಲ್ಲ. ಯಬ್ಬೋಕ್ ಹೊಳೆಯ ದಡದಲ್ಲಿ ಬೆಳಗಾಗುವ ತನಕ ದೇವರೊಡನೆ ಹೋರಾಡಿದ ಯಾಕೋಬನಿಗೆ ಆಶೀರ್ವಾದವೂ ಸಿಕ್ಕಿತು, ತೊಡೆಯ ಕೀಲೂ ತಪ್ಪಿತು; ಸೂರ್ಯ ಹುಟ್ಟುವಾಗ ಅವನು ಕುಂಟುತ್ತಾ ದಾಟಿದನು. ಪುನರುತ್ಥಾನ ಹೊಂದಿದ ಯೇಸುವಿನ ಕೈಗಳಲ್ಲಿಯೂ ಮೊಳೆಯ ಗುರುತುಗಳು ಹಾಗೆಯೇ ಇದ್ದವು.

ತಂದೆ ತೀರಿಕೊಂಡ ಮರುವರ್ಷದ ಈಸ್ಟರ್ ದಿನ, ಇನ್ನೂ ಕತ್ತಲಿರುವಾಗಲೇ, ವಾಡಿಕೆಯಂತೆ ಸಭೆಯವರೆಲ್ಲ ಸಮಾಧಿ ಭೂಮಿಯಲ್ಲಿ ಸೇರಿದ್ದೆವು. ಕ್ರಿಸ್ತನು ಎದ್ದಿದ್ದಾನೆ ಎಂದು ಸಭಾಪಾಲಕರು ಸಾರಿದಾಗ, ನಿಜವಾಗಿ ಎದ್ದಿದ್ದಾನೆ ಎಂದು ಎಲ್ಲರೊಡನೆ ಉತ್ತರ ಕೊಡಲು ಹೋದೆ. ಗಂಟಲು ಕಟ್ಟಿಕೊಂಡು ಮಾತು ಹೊರಡಲಿಲ್ಲ. ಗಂಜಿ ತರುತ್ತಿದ್ದ ಆ ತಾಯಿ ಪಕ್ಕದಲ್ಲಿಯೇ ನಿಂತಿದ್ದರು. ನನ್ನ ಕಡೆಗೆ ನೋಡಲಿಲ್ಲ. ಕೈಯಲ್ಲಿದ್ದ ಹಾಡಿನ ಪುಸ್ತಕವನ್ನು ನನ್ನ ಕಣ್ಣಿಗೆ ಬೀಳುವಂತೆ ಸ್ವಲ್ಪ ಈಚೆಗೆ ತಿರುಗಿಸಿ, ಮೊಬೈಲಿನ ಬೆಳಕಿನಲ್ಲಿ ಸಾಲುಗಳ ಮೇಲೆ ಬೆರಳಿಟ್ಟು ತೋರಿಸುತ್ತಾ, ತಾವೊಬ್ಬರೇ ನಮ್ಮಿಬ್ಬರ ಪಾಲನ್ನೂ ಹಾಡುವಂತೆ ಹಾಡಿದರು. ಮೂರನೆಯ ಚರಣದ ಹೊತ್ತಿಗೆ ನಾನೂ ದನಿಗೂಡಿಸಿದೆ.